ದುಂಡಗೆ ಒತ್ತಿದ ಹೆಬ್ಬೆಟ್ಟು

ಏಪ್ರಿಲ್ 6, 2003. ಭಾನುವಾರ

ಮತ್ತೆ ನ್ಯೂಸ್‌ಲೆಟರ್ ಕೆಲಸ. ಟೇಬಲ್ ತುಂಬ ಕಾಗದ. ನಮ್ಮನೆಯವರು ಅಲೀಮ್ ನಿಂತೇ ತಿಂಡಿ ತಿಂದರು. ಪಾಪ.

ನಮ್ಮ ರಾಯಚೂರು ಕಡೆಯ ಹಳ್ಳಿಯೊಂದರ ಹೆಂಗಸರ ಸಂಘಕ್ಕೆ ಶಿಕಾಗೋದ ಹನ್ನೆರಡು ಮನೆಯವರು ನೆರವಾಗುತ್ತಿದ್ದೇವೆ. ಸಂಘದವರೆಲ್ಲ ಕಲ್ಲು ಕ್ವಾರಿಯಲ್ಲಿ ಜಲ್ಲಿ ಒಡೆಯುವವರು. ಅಲ್ಲಿ ಸಂಘ ನೋಡಿಕೊಳ್ಳುವ ದಾನಪ್ಪ ಆ ಹೆಂಗಸರ ಅರ್ಜಿಯ ನಕಲು ಕಳಿಸಿದ್ದಾನೆ. ಕೇರಿಯವರು ಹೆಣ ಹೂಳುವ ಜಾಗವನ್ನು ಕ್ವಾರಿ ನುಂಗುತ್ತಿದೆ, ಬಿಡಿಸಿಕೊಡಿ ಎಂದು ತಹಶೀಲ್ದಾರರಿಗೆ ಬರೆದದ್ದು. ಕೆಳಗೆ ಇಪ್ಪತ್ತೆರಡು ಹೆಬ್ಬೆಟ್ಟು, ಬಳೆಯ ಹಾಗೆ ದುಂಡಗೆ. ಒಬ್ಬರ ಹೆಸರೂ ಇಲ್ಲ. ಮೊದಲು ಒತ್ತಿದವರು ಯಾರೆಂದು ಕ್ವಾರಿ ಸಾಹುಕಾರನಿಗೆ ತಿಳಿಯಬಾರದು. ಅದು ಸಂಘದ ಕಟ್ಟುಪಾಡು.

ಚೆನ್ನಾಗಿದೆ. ಆದರೆ ಓದುವವರಿಗೆ ಒಂದು ಮುಖ ಬೇಡವೇ? ಬೆರಳಚ್ಚು ನೋಡಿ ಯಾರು ಕರಗುತ್ತಾರೆ…

ಏಪ್ರಿಲ್ 13

ಅರ್ಜಿ ಶುರು ಮಾಡಿದ್ದು ಯಾರು ಎಂದು ಫೋನ್ ಮಾಡಿ ಕೇಳಿದೆ. ದಾನಪ್ಪ ತಡವರಿಸಿದ.

"ಹೆಸರ್ಯಾಕ್ರೀ ಅಕ್ಕಾರ? ಸಂಘ ಅಂತ ಬರೀರಿ, ಸಾಕು."

ನಾನು ಬಿಡುವವಳೇ? ಓದುವವರೆಲ್ಲ ಅಮೆರಿಕದಲ್ಲಿದ್ದಾರೆ, ಆ ಹಳ್ಳಿಯಲ್ಲಿ ಯಾರ ಕೈಗೆ ಸಿಗುತ್ತದೆ ಎಂದೆ. ಕೊನೆಗೆ ಹೇಳಿದ. ಹುಲಿಗೆವ್ವ. ಫೋಟೋನೂ ಕಳಿಸಿದ. ಹಣೆಗೆ ಕೈ ಅಡ್ಡ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದಾಳೆ.

ತಲೆಬರಹ: ಕ್ವಾರಿಗೆ ಎದುರು ನಿಂತ ಹುಲಿಗೆವ್ವ. ನನಗೇ ಹೆಮ್ಮೆ ಅನಿಸಿತು.

ಮೇ 4

ಡೆವನ್ ರಸ್ತೆಗೆ ಹೋಗಿ ಅಚ್ಚಾದ ಸಂಚಿಕೆಯನ್ನು ಅಲ್ಲಿನ ಇಂಡಿಯನ್ ಅಂಗಡಿಗಳ ಕೌಂಟರ್‌ಗಳಲ್ಲಿ ಇಟ್ಟು ಬಂದೆ. ಪಾರ್ಕಿಂಗ್‌ಗಾಗಿ ಮೂರು ಸುತ್ತು. ಮೇ ಬಂದರೂ ಚಳಿ, ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್.

ಮೇ 11

ಇಲ್ಲಿಂದ ಕೆಲವು ಗಂಟೆ ದಾರಿಯ ಪ್ಲಿಮತ್‌ನಿಂದ ಮನೋಹರ್ ಎಂಬುವರ ಫೋನ್. ಡೆವನ್‌ಗೆ ಸಾಮಾನಿಗೆ ಬಂದಾಗ ನ್ಯೂಸ್‌ಲೆಟರ್ ಸಿಕ್ಕಿತಂತೆ. ಅದೇ ಹಳ್ಳಿಯವರು!

"ನಮ್ಮೂರ ಹೆಸರು ಇಲ್ಲಿ ಪ್ರಿಂಟ್ ಆಗೇದಲ್ರೀ ಮೇಡಂ. ನಮ್ಮ ದೊಡ್ಡಪ್ಪಗ ಸ್ಕ್ಯಾನ್ ಮಾಡಿ ಕಳಿಸೀನಿ."

ಖುಷಿಯಿಂದಲೇ ಹೇಳಿದರು. ದೊಡ್ಡಪ್ಪ ಏನು ಮಾಡುತ್ತಾರೆ ಎಂದೆ. ಕ್ವಾರಿ ಅವರದೇ. ಒಳಗಿರುವುದನ್ನು ಓದಿದಿರಾ ಎಂದೆ. ಇನ್ನೂ ಇಲ್ಲ ಎಂದರು.

ದಾನಪ್ಪನಿಗೆ ಫೋನ್ ಮೇಲೆ ಫೋನ್. ಎತ್ತುತ್ತಿಲ್ಲ.

ಜೂನ್ 2

ದಾನಪ್ಪನ ಮೇಲ್. ಸಾಹುಕಾರನ ಕಡೆಯವರು ಹುಲಿಗೆವ್ವನ ಮನೆಗೆ ನುಗ್ಗಿ ಹೊಡೆದಿದ್ದಾರೆ. ಮೊದಲು ನ್ಯೂಸ್‌ಲೆಟರ್‌ನ ಹಾಳೆಯನ್ನು ಅವಳ ಮುಂದೆ ಹಿಡಿದರಂತೆ. ಓದಲು ಬಾರದವಳು. ಚಿತ್ರ ನೋಡಿ, ಇದು ನಾನೇ ಅಂದಳಂತೆ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು. ಹೋದಳು.

ಕೆಲಸಕ್ಕೆ ಹೋದೆ. ಎಲ್ಕ್ ಗ್ರೋವ್‌ನ ಗೋದಾಮಿನಲ್ಲಿ ಎಂಟು ಗಂಟೆ ಡಬ್ಬಿಗಳಿಗೆ ಲೇಬಲ್ ಅಂಟಿಸಿದೆ. ಅಳು ಬರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ.

ಜೂನ್ 9

ಹೂಳಲು ಜಾಗ ಎಲ್ಲಿದೆ? ಹೆಂಗಸರೇ ಹೊತ್ತುಕೊಂಡು ಹೋಗಿ, ಕ್ವಾರಿಯ ಬೇಲಿ ಕಿತ್ತು, ಹಳೆಯ ಜಾಗದಲ್ಲೇ ಗುಂಡಿ ತೋಡಿದರಂತೆ. ಮತ್ತೆ ಅರ್ಜಿ ಬರೆದಿದ್ದಾರೆ. ನಕಲು ಬಂತು. ಹೆಬ್ಬೆಟ್ಟು ಇಪ್ಪತ್ತೊಂದು, ದುಂಡಗೆ. ಒಂದು ಕಡೆ ಬೆರಳಿನಷ್ಟು ಜಾಗ ಬಿಟ್ಟಿದ್ದಾರೆ.

ಇಲ್ಲಿಯ ನಮ್ಮವರು ಕೇಳುತ್ತಿದ್ದಾರೆ: ಮುಂದಿನ ಸಂಚಿಕೆಗೆ ಈಗಿನ ಲೀಡರ್ ಯಾರು, ಫೋಟೋ ಸಿಗುತ್ತದೆಯೇ ಎಂದು.

ಜೂನ್ 15, ಬೆಳಿಗ್ಗೆ ಏಳು

ನಿನ್ನೆ ದಾನಪ್ಪ ಫೋನಿಗೆ ಸಿಕ್ಕಿದ. ದನಿ ಇಳಿದುಹೋಗಿದೆ.

"ಹೆಸರು ಹೊರಗ ಹೇಳಿದಾಕಿ ಯಾರಂತ ಒಬ್ಬರ ಮ್ಯಾಲೊಬ್ಬರಿಗೆ ಅನುಮಾನ ಬಂದೈತ್ರಿ. ಹಿಂಗಾದ್ರ ಸಂಘ ಉಳ್ಯಂಗಿಲ್ಲ."

ಹೆಸರು ಕೊಟ್ಟದ್ದು ತಾನೆಂದು ಹೇಳಲು ಅವನಿಗೆ ಧೈರ್ಯವಿಲ್ಲ. ನಾನೇ ಹೇಳುತ್ತೇನೆ ಎಂದೆ. ಅಲ್ಲೀಗ ಸಂಜೆ ಐದೂವರೆ. ಸಂಘದ ಹೆಂಗಸರೆಲ್ಲ ಎಸ್‌ಟಿಡಿ ಬೂತ್ ಮುಂದೆ ಕೂತಿರುತ್ತಾರೆ. ಫೋನ್ ಕಾರ್ಡ್ ಕೆರೆದು ನಂಬರ್ ತೆಗೆದಿಟ್ಟುಕೊಂಡಿದ್ದೇನೆ. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ನೋಡಿಕೊಂಡು ಓದಿದರಾಯಿತು.

ಅಕ್ಕಾರ, ನಾ ಖಲೀದಾ. ನಿಮ್ಮೊಳಗ ಯಾರದೂ ತಪ್ಪಿಲ್ಲ. ಹುಲಿಗೆವ್ವನ ಹೆಸರು ಬರದಾಕಿ…