ಗಾಳಿ ಆಗುವುದಿಲ್ಲ, ಅಷ್ಟೇ

ಬ್ಯಾಡಗಿ, ೪ ಮಾರ್ಚ್ ೨೦೦೮, ಬೆಳಗ್ಗೆ

ಎರಡನೇ ಸಿಗರೇಟು. ಚಹಾ ಇನ್ನೂ ಬಂದಿಲ್ಲ. ಸಿದ್ದೇಶ ಇವತ್ತೂ ತಡ — ಓಣಿಯಲ್ಲಿ ನಾಯಿ ಮಲಗಿತ್ತಂತೆ, ಸುತ್ತು ಹಾಕಿ ಬಂದ. ಮೀಸೆ ಹೊತ್ತ ಗಂಡಸು! ರೋಹಿಣಿಯ ತಮ್ಮನೆಂದು ಅಂಗಡಿಯಲ್ಲಿ ಇಟ್ಟುಕೊಂಡಿದ್ದೇನೆ. ಹೆಂಡತಿಯ ತವರಿನ ಬಳುವಳಿ.

ಕೋಲ್ಡ್ ಸ್ಟೋರೇಜಿನಿಂದ ನಮ್ಮ ಮೆಣಸಿನಕಾಯಿಯ ಸ್ಯಾಂಪಲ್ ತರಲು ಅವನನ್ನೇ ಅಟ್ಟಿದೆ. ನಾನು ಹೋಗುವುದಿಲ್ಲ. ಹೆದರಿಕೆಯಲ್ಲ. ಆ ದಪ್ಪ ಬಾಗಿಲು ಮುಚ್ಚಿಕೊಂಡಾಗ... ಒಳಗಿನ ಗಾಳಿ ಆಗುವುದಿಲ್ಲ, ಅಷ್ಟೇ.

೬ ಮಾರ್ಚ್

ಮಧುರೈನ ವ್ಯಾಪಾರಿಯೊಬ್ಬ ಬಂದ. ಮಾಲು ನೀವೇ ತೋರಿಸಬೇಕೆಂದು ಹಟ ಹಿಡಿದ. ಸ್ಟೋರೇಜಿನ ಹೊರಗೆ ಒಂದರ ಬೆಂಕಿಯಿಂದ ಇನ್ನೊಂದು ಹಚ್ಚಿ ಸೇದಿ ಒಳಹೋದೆ. ಬಾಗಿಲು ಮುಚ್ಚಿತು. ಅಂಗೈ ಒದ್ದೆ, ಎದೆ ಡಬಡಬ, ಉಸಿರು ಒಳಗಿಳಿಯಲಿಲ್ಲ. ಫೋನ್ ಬಂತೆಂದು ನೆಪ ಹೇಳಿ ಹೊರಗೋಡಿದೆ. ಒಳಗೆ ಸಿಗ್ನಲ್ಲೇ ಇರುವುದಿಲ್ಲ — ಅವನಿಗೂ ಗೊತ್ತು. ನಕ್ಕ. ದರಿದ್ರ ಮನುಷ್ಯ.

ಹೊರಗೆ ಮತ್ತೊಂದು ಸೇದಿದ ಮೇಲೆ ಜೀವ ಬಂತು.

೧೧ ಮಾರ್ಚ್, ಸಂಜೆ

ರೋಹಿಣಿಯ ಕಾಟಕ್ಕೆ ಅವಳ ಜೊತೆ ರಾಣೆಬೆನ್ನೂರಿಗೆ ಹೋದೆ. ಡಾಕ್ಟರ್ ಚೇತನಕುಮಾರ — ಹಾಲುಗಲ್ಲದ ಹುಡುಗ. ಇಸಿಜಿ ನೋಡಿ ಅಂದ:

“ಹಾರ್ಟ್ ಚಲೋ ಐತ್ರಿ, ವಿರೂಪಾಕ್ಷಪ್ಪಾರ. ನಿಮಗಿರೂದು ಮುಚ್ಚಿದ ಜಾಗಾದ ಹೆದರಿಕಿ.”

“ಸಿಗರೇಟ್ ಸೇದಿದ್ರ ಕಡಿಮಿ ಆಗ್ತೈತಲ್ಲ?”

“ಸಿಗರೇಟ್ ಇಲ್ಲದ್ದಕ್ಕ ಹತ್ತಿದ ಚಡಪಡಿಕಿ ಕಡಿಮಿ ಆಗ್ತೈತ್ರಿ. ಹೆದರಿಕಿ ಅಲ್ಲೇ ಇರ್ತೈತಿ. ಎದಿ ಬಡಿತ ಮತ್ತಷ್ಟು ಜೋರಾಗ್ತೈತಿ. ಮೊದಲ ಬಾಗಲಾ ತಗದಿಟ್ಟು ಒಳಗ ನಿಂದ್ರೂದು ರೂಢಿ ಮಾಡ್ಕೋರಿ.”

ಕೂಸಿಗೆ ನಡೆಯಲು ಕಲಿಸಿದ ಹಾಗೆ! ಇದಕ್ಕೆ ಫೀಸು ಬೇರೆ. ಬಸ್ ಸ್ಟ್ಯಾಂಡಿನಲ್ಲಿ ರೋಹಿಣಿಯ ಎದುರೇ ಸಿಗರೇಟು ಹಚ್ಚಿದೆ.

೨ ಏಪ್ರಿಲ್

ಸಿದ್ದೇಶ ಹಾವೇರಿಗೆ ಹೋಗಿದ್ದ. ಸ್ಯಾಂಪಲ್ ಅರ್ಜೆಂಟು, ಹಮಾಲರು ಊಟಕ್ಕೆ ಹೋಗಿದ್ದರು. ಸ್ಟೋರೇಜಿನ ಬಾಗಿಲಲ್ಲಿ ನಾನು ಹಿಂದೆಮುಂದೆ ನೋಡುತ್ತ ನಿಂತೆ. ಜೊತೆಗೆ ಬಂದಿದ್ದ ರೋಹಿಣಿ “ಅತ್ತಾಗ ಸರೀರಿ” ಎಂದು ತಾನೇ ಒಳಹೋದಳು. ಕರೆಂಟ್ ಹೋಯಿತು. ಧೊಪ್ಪೆಂದು ಚೀಲಗಳು ಬಿದ್ದ ಸದ್ದು.

“ಕಾಲು ಸಿಕ್ಕೊಂಡೈತ್ರಿ! ಏನೂ ಕಾಣವಲ್ದು. ಒಳಗ ಬರ್ರಿ!”

ಬಾಗಿಲು ತೆರೆದೇ ಇತ್ತು. ಕಾಲು ಏಳಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು. ಹಚ್ಚಿದೆ. ಹೆಂಡತಿ ಕೂಗುತ್ತಿದ್ದಳು, ನಾನು ಹೊಗೆ ಎಳೆಯುತ್ತಿದ್ದೆ.

ತೆವಳುತ್ತ ಅವಳೇ ಬಂದಳು. ಸೀರೆಯೆಲ್ಲ ಮೆಣಸಿನಕಾಯಿಯ ಕೆಂಪು ಧೂಳು. ನನ್ನ ಬೆರಳ ಸಂದಿ ನೋಡಿದಳು.

“ಸೇದಿ ಮುಗಸ್ರಿ. ಆಮ್ಯಾಲ ದವಾಖಾನಿಗೆ ಹೋಗೂಣು.”

ಥೂ, ನನ್ನ ಜನ್ಮಕ್ಕೆ.

೨೦ ಏಪ್ರಿಲ್

ಅವಳ ಕಾಲಿಗೆ ಪ್ಲಾಸ್ಟರು. ಬೈಯುವುದಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸಿಗರೇಟು ಬಿಟ್ಟೆ. ತ್ಯಾಗವೇನಲ್ಲ — ಹಚ್ಚಿದರೆ ಅವಳ ಕೂಗು ಕೇಳಿಸುತ್ತದೆ. ದಿನಾ ಹೋಗಿ ಸ್ಟೋರೇಜಿನ ಒಳಗೆ, ತೆರೆದ ಬಾಗಿಲ ಪಕ್ಕ ನಿಲ್ಲುತ್ತೇನೆ. ಹಮಾಲರು ಮುಸಿಮುಸಿ ನಗುತ್ತಾರೆ. ನಗಲಿ. ನೋಡಿದರೆ ನನಗೇ ನಗು ಬರುವಂಥ ಪ್ರಾಣಿ ನಾನು.

೨೭ ಮೇ, ಮಧ್ಯಾಹ್ನ

ಒಳಗಿದ್ದೇನೆ. ಚೀಲದ ಮೇಲೆ ಕುಳಿತು ಬರೆಯುತ್ತಿದ್ದೇನೆ, ಬರೆಯದಿದ್ದರೆ ಎದ್ದುಬಿಡುತ್ತೇನೆ. ರೋಹಿಣಿ ಹೊರಗೆ, ಕೋಲು ಊರಿ ನಿಂತಿದ್ದಾಳೆ.

“ಬಾಗಲಾ ಹಾಕ್ಲೇನ್ರಿ?”

“ಹಾಕು.”

ಮುಚ್ಚಿತು. ಎದೆ ಬಾಯಿಗೆ ಬಂದಿದೆ. ಅಕ್ಷರವೋ, ಕೋಳಿ ಕೆದರಿದ್ದೋ. ಓಡಬೇಕು. ಓಡಿಲ್ಲ. ಇನ್ನೂ ಓಡಿಲ್ಲ.