ಭಾನುವಾರದ ಸ್ಪೀಕರ್ ಫೋನ್

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳೇ,

ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಪುತ್ತೂರಿನಲ್ಲಿ ಈಗಷ್ಟೇ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದವಳು ನಾನು. ಅರ್ಧ ಯೋಚನೆ ಇಂಗ್ಲಿಷಿನಲ್ಲೇ ಬರುತ್ತದೆ, ಕನ್ನಡದಲ್ಲಿ ತಪ್ಪಿದ್ದರೆ ಮನ್ನಿಸಿ. ಆದರೆ ನಿಮ್ಮ ವ್ಯಾಪ್ತಿಯ ಒಂದು ಶಾಲಾ ಹಾಸ್ಟೆಲಿನಲ್ಲಿ ಮಕ್ಕಳಿಗೆ ತಮ್ಮ ಸಂಕಟವನ್ನು ಮನೆಗೆ ಹೇಳಿಕೊಳ್ಳಲು ದಾರಿಯಿಲ್ಲ, ಅವರು ತಮ್ಮನ್ನೇ ನೋಯಿಸಿಕೊಳ್ಳುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ; ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿ ಐದು ವರ್ಷ ಇದ್ದೆ. ಭಾನುವಾರ ಮನೆಗೆ ಐದು ನಿಮಿಷ ಫೋನ್. ಸ್ಪೀಕರ್ ಆನ್, ಪಕ್ಕದಲ್ಲಿ ವಾರ್ಡನ್, ಕನ್ನಡ ಅಥವಾ ಇಂಗ್ಲಿಷ್ ಮಾತ್ರ. ಮನೆಯಲ್ಲಿ ಬ್ಯಾರಿ, ಅರೆಭಾಷೆ, ಮಲಯಾಳ ಆಡುವ ಮಕ್ಕಳಿಗೆ ಎಂಥ ಶಿಸ್ತು ನೋಡಿ: ಅಳುವುದಾದರೂ ವಾರ್ಡನ್ನರಿಗೆ ಅರ್ಥವಾಗುವ ಭಾಷೆಯಲ್ಲೇ ಅಳಬೇಕು.

ಹತ್ತನೆಯ ತರಗತಿಯಲ್ಲಿ ನಾನು ಹಾಸ್ಟೆಲ್ ಲೀಡರ್. ನಿಯಮ ಮುರಿದವರ ಹೆಸರು ಬರೆಯುವುದು ನನ್ನ ಕೆಲಸ. ಎಂಟನೆಯ ತರಗತಿಯ ಜಸೀನಾ (ಹೆಸರು ಬದಲಿಸಿದ್ದೇನೆ) ಟೆಸ್ಟುಗಳಲ್ಲಿ ಸದಾ ಕೊನೆಯವಳು. ಅವಳ ಪಕ್ಕ ಊಟಕ್ಕೂ ಯಾರೂ ಕೂರುತ್ತಿರಲಿಲ್ಲ. ಒಂದು ಭಾನುವಾರ ಅವಳು ಫೋನಿನಲ್ಲಿ ತಾಯಿಗೆ ಬ್ಯಾರಿಯಲ್ಲಿ ಒಂದೇ ಉಸಿರಿಗೆ ಏನೋ ಹೇಳಿದಳು.

“ಎಂತ ಮಾರಾಯ್ತಿ ಅದು? ನಮಗೂ ಅರ್ಥ ಆಗುವ ಹಾಗೆ ಹೇಳು,” ಎಂದರು ವಾರ್ಡನ್.

“ಎಂತ ಇಲ್ಲ ಮೇಡಂ. ಊಟ ಆಯ್ತಾ ಕೇಳಿದ್ದು.”

ನಾನು ಹೆಸರು ಬರೆದೆ. ಶಿಕ್ಷೆಯೆಂದು ಎರಡು ಭಾನುವಾರ ಅವಳಿಗೆ ಫೋನಿಲ್ಲ. ಎರಡನೆಯದು ಮುಗಿಯುವ ಮೊದಲೇ ಅವಳು ತನಗೆ ತಾನೇ ಗಾಯ ಮಾಡಿಕೊಂಡಳು. ಬದುಕಿದ್ದಾಳೆ, ಈಗ ಬೇರೆ ಕಡೆ ಓದುತ್ತಿದ್ದಾಳೆ. ಕಾರಣ ಇದೊಂದೇ ಎಂದು ನಾನು ಹೇಳಲಾರೆ. ನಿಮ್ಮ ಕಚೇರಿಯ ವರದಿಗೆ ಮಾತ್ರ ಒಂದೇ ಕಾರಣ ಸಿಕ್ಕಿತು: ಮೊಬೈಲ್ ಗೀಳು. ಮೊಬೈಲೇ ಇಲ್ಲದ ಹಾಸ್ಟೆಲಿನಲ್ಲಿ ಆ ಗೀಳು ಹಿಡಿದದ್ದು ಹೇಗೆಂದು ಯಾರಾದರೂ ಕೇಳಿದರೇ?

ಕಳೆದ ತಿಂಗಳು ನೆಲ್ಯಾಡಿಯಲ್ಲಿ ಅವಳ ತಾಯಿ ಸಿಕ್ಕಿದರು. “ಆ ದಿನ ಫೋನಿನಲ್ಲಿ, ನನ್ನನ್ನು ಇಲ್ಲಿಂದ ಕರ್ಕೊಂಡು ಹೋಗಿ ಅಂತ ಹೇಳಿದ್ದು ಮಗಳೇ ಅವಳು. ಮುಂದಿನ ವಾರ ಸರಿಯಾಗಿ ಕೇಳುವ ಅಂತ ಕೂತೆ. ಫೋನೇ ಬರ್ಲಿಲ್ಲ.”

ಈಗ ನನ್ನ ತಂಗಿ ಅದೇ ಹಾಸ್ಟೆಲಿನಲ್ಲಿ ಎಂಟನೆಯ ತರಗತಿ. ಮೂರು ಭಾನುವಾರದಿಂದ “ಹೂಂ”, “ಆಯ್ತು” ಬಿಟ್ಟರೆ ಮಾತಿಲ್ಲ. “ಒಳ್ಳೆ ಶಿಸ್ತು ಬಂದಿದೆ,” ಎಂದು ಅಪ್ಪನಿಗೆ ಖುಷಿ. ಭೇಟಿಗೆ ತಿಂಗಳ ಕೊನೆಯ ಶನಿವಾರ ಮಾತ್ರ ಅವಕಾಶ. ಏನಾಯಿತೆಂದು ಫೋನಿನಲ್ಲಿ ನಮ್ಮ ಅರೆಭಾಷೆಯಲ್ಲಿ ಕೇಳಲು ನನಗೆ ಹೆದರಿಕೆ. ಅವಳ ಪಕ್ಕದಲ್ಲಿ ನನ್ನಂಥವಳೊಬ್ಬಳು ಪೆನ್ನು ಹಿಡಿದು ಕೂತಿರುತ್ತಾಳೆ.

ಸ್ಪೀಕರ್ ಆಫ್ ಮಾಡಲು ಆದೇಶಿಸಿ. ಮಕ್ಕಳು ಮನೆಯ ಭಾಷೆಯಲ್ಲಿ ಮಾತಾಡಲಿ. ಈ ಭಾನುವಾರದೊಳಗೆ ದಯವಿಟ್ಟು ಉತ್ತರ ಕೊಡಿ.

ಇಂತಿ,
ಈ ಸಲ ತನ್ನದೇ ಹೆಸರು ಬರೆಯುತ್ತಿರುವ
ಭವಿತಾ, ಅಜ್ಜಾವರ