ನೀಲಿಗಟ್ಟಿದ ತೋಳು

ಅಕ್ಕನಿಗೆ ಮೊಂಡು ತಂಗಿಯ ನಮಸ್ಕಾರ.

ಹಟ ಬಿಟ್ಟು ಮನೆಗೆ ಬಾ ಎಂದು ಬರೆದಿದ್ದೆಯಲ್ಲ, ಕೇಳು. ಮೈಯೊಳಗೆ ನುಗ್ಗಿದ ವೈರಸ್ಸನ್ನು ಹಿಡಿದು ಉಳಿದ ಕೋಶಗಳಿಗೆ ಸುಳಿವು ಕೊಡುವ ಕಾವಲುಗಾರ ಡೆಂಡ್ರಿಟಿಕ್ ಕೋಶ. ನಮ್ಮ ಲ್ಯಾಬಿನಲ್ಲಿ ಅಧ್ಯಯನ ಮಾಡುತ್ತಿರುವ ವೈರಸ್ ಆ ಕಾವಲುಗಾರನೊಳಗೇ ಅಡಗುತ್ತದೆ, ಅದಕ್ಕೇ ಲಸಿಕೆ ಸೋಲುತ್ತಿದೆ ಎಂದು ವರ್ಷವಿಡೀ ಬಾಯಿ ಬಡಿದುಕೊಂಡೆ. "ನಿನ್ನ ಕೈ ಚೊಕ್ಕ ಇಲ್ಲಮ್ಮ, ಅದಕ್ಕೆ ಹಾಗೆ ಕಾಣುತ್ತೆ. ನಾನೇ ಮಾಡಿ ತೋರಿಸ್ತೀನಿ" ಎಂದರು ಪ್ರೊಫೆಸರ್.

ಇಲ್ಲಿ ಪ್ರಯೋಗಕ್ಕೆ ರಕ್ತ ಕೊಡುವವರು ನಾವೇ. ಆದರೆ ತಮ್ಮ ರಕ್ತದ ಮೇಲೆ ತಾವೇ ಪ್ರಯೋಗ ಮಾಡುವಂತಿಲ್ಲ. ಸೀಸೆಯ ಮೇಲೆ ಹೆಸರೂ ಇರುವುದಿಲ್ಲ, ಕೊಟ್ಟವರಿಗಷ್ಟೇ ಗೊತ್ತಿರುವ ಒಂದು ಸಂಖ್ಯೆ ಇರುತ್ತದೆ. ನಿನ್ನೆ ಪ್ರೊಫೆಸರ್ ತಾವೇ ಪ್ರಯೋಗ ಮಾಡಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಹಸಿರಾಗಿ ಹೊಳೆಯುವಂತೆ ಮಾಡಿದ್ದ ವೈರಸ್, ಕಾವಲು ಕೋಶಗಳ ಒಳಗೆಲ್ಲ ಮಿನುಗುತ್ತಿತ್ತು.

"ಯಾರ ರಕ್ತ ಇದು?" ಎಂದು ಗದರಿದರು.

ಅಂಗಿಯ ತೋಳು ಮೇಲೆ ಸರಿಸಿ, ಸೂಜಿ ಚುಚ್ಚಿ ನೀಲಿಗಟ್ಟಿದ ಜಾಗ ತೋರಿಸಿದೆ. "ರಕ್ತ ನಂದು ಸಾರ್. ಕೈ ನಿಮ್ಮದೇ."

ಗಾಬರಿಯಾಗಬೇಡ, ನೀಲಿ ಇಳಿಯುತ್ತಿದೆ, ಊಟ ಚೆನ್ನಾಗಿ ಸೇರುತ್ತಿದೆ. ಭಾವ ನನಗೆಂದು ಖಾಲಿ ಮಾಡಿಸಿಟ್ಟ ಕೋಣೆಯನ್ನು ಯಾರಿಗಾದರೂ ಬಾಡಿಗೆಗೆ ಕೊಟ್ಟುಬಿಡಿ.